ಕ್ಲಾರಿ ಟ್ರೆಜೀಸನ ಬಿಟ್ಸಾ

ಕ್ಲಾರಿ ಟ್ರೆಜೀಸನ ಬಗ್ಗೆ ಒಂದೆರಡು ಪುಟ ಬರೆದುಕೊಡು ಎಂದು ನಮ್ಮ ಹಳೇ ಮೋಟಾರ್‌ಸೈಕಲ್ ಕ್ಲಬ್ಬಿನವರು ಕೇಳಿ ಎರಡು ವರ್ಷವಾಯಿತು. ನಾನು ಮುಂದೂಡುತ್ತಲೇ ಬಂದೆ. ಸತ್ತವರ ಬಗ್ಗೆ ಬರೆಯುವುದು ಸುಲಭ, ಅವರು ತಿದ್ದಲು ಬರುವುದಿಲ್ಲ. ಕ್ಲಾರಿ ಎದುರುಮನೆಯಲ್ಲೇ ಇದ್ದಾನೆ. ಎಪ್ಪತ್ತಾರು ವರ್ಷ. ಬೆಳಗ್ಗೆ ಆರಕ್ಕೆ ಅವನು ಶೆಡ್ಡಿನ ತಗಡಿನ ಬಾಗಿಲು ಎಳೆಯುವ ಸದ್ದಿಗೇ ನನಗೆ ಎಚ್ಚರವಾಗುವುದು. ತಿದ್ದುವುದೇ ಅವನ ಕಸುಬು ಬೇರೆ.

ಅಡಿಲೇಡ್ ಕಡೆಯ ನಮ್ಮ ವಾಲರೂ ಬಂದರಿನಲ್ಲಿ ಹಡಗಿಗೆ ಗೋಧಿ ತುಂಬುವ ಬೆಲ್ಟುಗಳನ್ನು ಅವನು ಮೂವತ್ತನಾಲ್ಕು ವರ್ಷ ರಿಪೇರಿ ಮಾಡಿದ. ಗಿಡ್ಡ ಆಳು, ಅಗಲ ಅಂಗೈ, ಮಾತು ಕಡಿಮೆ. ಅವನ ಅಜ್ಜನ ಅಜ್ಜ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಇಲ್ಲಿಯ ತಾಮ್ರದ ಗಣಿಗೆ ಬಂದವನು. ಈ ಕಡೆ ಟ್ರೆ ಎಂದೋ ಪೆನ್ ಎಂದೋ ಶುರುವಾಗುವ ಹೆಸರಿನವರೆಲ್ಲ ಹಾಗೆ ಬಂದವರೇ. ಎಲ್ಲರೂ ಒಬ್ಬರಿಗೊಬ್ಬರು ಏನಾದರೂ ಆಗಬೇಕು, ಎಲ್ಲರಿಗೂ ಒಂದೇ ರೋಗ, ಹಿಡಿದ ಮೊಲಕ್ಕೆ ಮೂರೇ ಕಾಲು.

ಅವನ ಗಾಡಿ ೧೯೪೨ರ ಮಿಲಿಟರಿ ಬಿಎಸ್‌ಎ. ಎಂ ಟ್ವೆಂಟಿ ಎನ್ನುತ್ತಾರೆ, ಐನೂರು ಸಿಸಿ, ಒಂದೇ ಸಿಲಿಂಡರು. ಬ್ಯೂಟ್ ಊರಿನ ಒಬ್ಬ ರೈತನ ಕೋಳಿಗೂಡಿನಲ್ಲಿ ಬಿದ್ದಿದ್ದನ್ನು ತಂದು ಹನ್ನೊಂದು ವರ್ಷ ಕೂತು ಸರಿಮಾಡಿದ. ಸರಿಮಾಡಿದ ಅಂದರೆ ಸಾಲದು. ಯುದ್ಧಕಾಲದಲ್ಲಿ ಆ ಗಾಡಿಗೆ ಯಾವ ಬೋಲ್ಟು ಇತ್ತೋ ಅದೇ ಬೋಲ್ಟು, ಬೋಲ್ಟಿನ ತಲೆಯ ಮೇಲೆ ಯಾವ ಅಕ್ಷರವಿತ್ತೋ ಅದೇ ಅಕ್ಷರ. ಒಂದು ವಾಷರಿಗಾಗಿ ಇಂಗ್ಲೆಂಡಿಗೆ ಪತ್ರ ಬರೆದು ಏಳು ತಿಂಗಳು ಕಾದವನು ಅವನು. ಒಂದು ತುಂಡು ಸುಳ್ಳಾದರೆ ಗಾಡಿ ಪೂರ್ತಿ ಸುಳ್ಳು ಎಂಬುದು ಅವನ ನಂಬಿಕೆ.

ಇಂಥವನನ್ನು ಕ್ಲಬ್ಬು ಪ್ರದರ್ಶನಗಳಿಗೆ ತೀರ್ಪುಗಾರನನ್ನಾಗಿ ಮಾಡಿತು. ಕೊಡಲಿ ಕೈಗೆ ಕೊಟ್ಟು ಮರ ತೋರಿಸಿದ ಹಾಗಾಯಿತು. ಮೂನ್ಟಾ ಊರಿನ ಪಾದ್ರಿಯೊಬ್ಬರ ಗಾಡಿಯ ಟ್ಯಾಂಕಿನ ಹಸಿರು ಬಣ್ಣ ಒಂದು ಎಳೆ ತಿಳಿಯಾಯಿತೆಂದು ಆರು ಅಂಕ ಕಿತ್ತುಕೊಂಡಿದ್ದ.

ನಮ್ಮ ಕಡೆ ಬೆರಕೆ ನಾಯಿಗೆ ಬಿಟ್ಸಾ ಅನ್ನುತ್ತೇವೆ. ಇದರದೊಂದು ಚೂರು, ಅದರದೊಂದು ಚೂರು. ನಾಯಿಗೆ ಅಂದರೆ ಮುದ್ದು, ಮೋಟಾರ್‌ಸೈಕಲ್ಲಿಗೆ ಅಂದರೆ ಬೈಗುಳ. ೧೯೮೭ರ ಕದೀನಾ ಪ್ರದರ್ಶನದಲ್ಲಿ ಕ್ಲಾರಿ ಆ ಮಾತನ್ನು ಮೈಕಿನಲ್ಲಿ ಅಂದ. ಅನ್ನಿಸಿಕೊಂಡವನು ಪ್ಯಾಸ್ಕ್‌ವಿಲ್‌ನಲ್ಲಿ ಬಾರ್ಲಿ ಬೆಳೆಯುವ ಲಿಂಡ್ಸೇ ಪೆನ್‌ಹೇಲ್. ಅವನದೂ ಎಂ ಟ್ವೆಂಟಿಯೇ, ಕನ್ನಡಿಯ ಹಾಗೆ ಉಜ್ಜಿ ತಂದಿದ್ದ. ಕ್ಲಾರಿ ಗಾಡಿ ಶುರು ಮಾಡಲು ಹೇಳಿ, ಕೈ ಹಿಂದೆ ಕಟ್ಟಿಕೊಂಡು, ಕಣ್ಣು ಮುಚ್ಚಿ ಒಂದು ನಿಮಿಷ ಸದ್ದು ಕೇಳಿದ.

“ಒಳಗೆ ಇರೋದು ಎಂ ಟ್ವೆಂಟಿವನ್ ಕ್ರ್ಯಾಂಕು” ಅಂದ. “ಸೊನ್ನೆ.”

ಟ್ವೆಂಟಿವನ್ ಎಂಬುದು ಟ್ವೆಂಟಿಯ ಅಣ್ಣ. ಪಿಸ್ಟನ್ನಿನ ಅಗಲ ಎರಡರಲ್ಲೂ ಒಂದೇ. ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕು ಮಾತ್ರ ಅಣ್ಣನದು ಉದ್ದ, ಪಿಸ್ಟನ್ನನ್ನು ಹದಿನೆಂಟು ಮಿಲಿಮೀಟರ್ ಹೆಚ್ಚು ಓಡಿಸುತ್ತದೆ. ಐನೂರು ಸಿಸಿ ಇದ್ದದ್ದು ಆರುನೂರರ ಹತ್ತಿರಕ್ಕೆ ಹೋಗುತ್ತದೆ, ಎಳೆಯುವ ಬಲ ಹೆಚ್ಚುತ್ತದೆ. ಆ ಕ್ರ್ಯಾಂಕನ್ನೂ ಅದರ ಜೊತೆಯ ಎತ್ತರದ ಸಿಲಿಂಡರನ್ನೂ ತಮ್ಮನಿಗೆ ತೊಡಿಸಬಹುದು. ಹೊರಗಿನಿಂದ ನೋಡಿದರೆ ಸಿಲಿಂಡರು ಒಂದು ಬೆರಳು ಎತ್ತರ, ಅಷ್ಟೇ. ಲಿಂಡ್ಸೇ ಗಾಡಿ ತಳ್ಳಿಕೊಂಡು ಹೋದ. ಮನೆಗೆ ಹೋಗಿ ಆ ಕ್ರ್ಯಾಂಕನ್ನೂ ಸಿಲಿಂಡರನ್ನೂ ಬಿಚ್ಚಿ, ಎಣ್ಣೆ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದ, ಹಳೆಯವನ್ನೇ ಮತ್ತೆ ಕೂರಿಸಿದ. ಆಮೇಲೆ ಹದಿನೆಂಟು ವರ್ಷ ಕ್ಲಾರಿಯ ಜೊತೆ ಮಾತಾಡಲಿಲ್ಲ. ಯಾರಾದರೂ ಸತ್ತರೆ ಚರ್ಚಿನ ಬಾಗಿಲಲ್ಲಿ ಒಂದು ಸಲ ತಲೆ ಆಡಿಸುತ್ತಿದ್ದ.

ಇನ್ನು ಬೆರಿಲ್. ಕ್ಲಾರಿಯ ಹೆಂಡತಿ, ನನ್ನ ಗೆಳತಿ. ಶಾಲೆಯ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳು. ಅವಳು ಮಾಡುವ ಪೇಸ್ಟಿಗಾಗಿ ಜನ ಜಗಳ ಬಿಟ್ಟು ಬರುತ್ತಿದ್ದರು. ಹಿಟ್ಟಿನ ಹಾಳೆಯೊಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ, ಸ್ವೀಡ್ ಗೆಡ್ಡೆ ತುಂಬಿ ಅಂಚು ಮಡಿಸಿ, ಒಂದು ಮೂಲೆಯಲ್ಲಿ ಚಾಕುವಿನ ತುದಿಯಿಂದ ತಿನ್ನುವವರ ಹೆಸರಿನ ಮೊದಲ ಅಕ್ಷರ ಕೊರೆಯುತ್ತಿದ್ದಳು. ಗಣಿಯ ಕಾಲದ ರೂಢಿ ಅದು, ಅರ್ಧ ತಿಂದಿಟ್ಟರೂ ಕತ್ತಲಲ್ಲಿ ಯಾರದು ಎಂದು ಬೆರಳಿಗೆ ಗೊತ್ತಾಗಬೇಕು. ಆ ಮೂಲೆಯನ್ನು ಕೊನೆಗೆ ತಿನ್ನಬೇಕು. ಈಗ ಯಾರೂ ಗಣಿಗೆ ಇಳಿಯುವುದಿಲ್ಲ, ಅಕ್ಷರ ಮಾತ್ರ ಬಿಟ್ಟಿಲ್ಲ.

ಪ್ರತಿ ಈಸ್ಟರ್ ಶನಿವಾರ ನಮ್ಮ ಕ್ಲಬ್ಬಿನ ಸವಾರಿ. ವಾಲರೂ ಜೆಟ್ಟಿಯಿಂದ ಹೊರಟು, ಗೋಧಿ ಬಯಲು ದಾಟಿ, ಟ್ರೆಂಬಾತ್ ಏರು ಹತ್ತಿ, ಮೇಲಿನ ಮೆಣಸುಮರಗಳ ಕೆಳಗೆ ಊಟ. ಏರು ಎರಡು ಕಿಲೋಮೀಟರ್, ಕಲ್ಲುದಾರಿ. ಬೆರಿಲ್ ಕ್ಲಾರಿಯ ಸೈಡ್‌ಕಾರಿನಲ್ಲಿ ಕೂತು ಬರುತ್ತಿದ್ದಳು, ಏರಿನ ಬುಡದವರೆಗೆ. ಅಲ್ಲಿ ಕ್ಲಾರಿ ನಿಲ್ಲಿಸುತ್ತಿದ್ದ, ಅವಳು ಇಳಿಯುತ್ತಿದ್ದಳು. ಅವನ ಗಾಡಿ ಇಬ್ಬರನ್ನು ಹೊತ್ತು ಆ ಏರು ಹತ್ತುತ್ತಿರಲಿಲ್ಲ. ಸೈಡ್‌ಕಾರಿಗೆಂದೇ ಇದ್ದ ಚಿಕ್ಕ ಹಲ್ಲುಚಕ್ರ ಹಾಕಿದ್ದ, ಅದು ಕಂಪನಿಯ ಪುಸ್ತಕದಲ್ಲಿ ಇತ್ತು ಎಂಬ ಕಾರಣಕ್ಕೆ. ಆದರೂ ಅರ್ಧದಲ್ಲಿ ಉಸಿರು ಕಟ್ಟುತ್ತಿತ್ತು.

ಅವಳು ಥರ್ಮಾಸನ್ನು ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದಳು. ಪ್ರತಿ ಗಾಡಿಯೂ ಅವಳನ್ನು ದಾಟುವಾಗ ಹಾರ್ನ್ ಹೊಡೆಯುತ್ತಿತ್ತು, ಅವಳು ಟೋಪಿ ಎತ್ತುತ್ತಿದ್ದಳು. ಕ್ಲಬ್ಬಿನಲ್ಲಿ ಅದಕ್ಕೆ ‘ಬೆರಿಲ್ ನಡಿಗೆ’ ಎಂದೇ ಹೆಸರಾಗಿಹೋಗಿತ್ತು. ಕೆಟ್ಟುನಿಂತ ಗಾಡಿಗಳನ್ನು ಹೇರಿಕೊಳ್ಳಲು ಎಲ್ಲರ ಹಿಂದೆ ಯೂಟ್ ಎಂಬ ಸಣ್ಣ ಸಾಮಾನು ಗಾಡಿ ಓಡಿಸಿಕೊಂಡು ಬರುವವಳು ನಾನು. ಮೊದಲ ವರ್ಷ ಪಕ್ಕದಲ್ಲಿ ನಿಲ್ಲಿಸಿ ಕರೆದೆ.

“ಹತ್ತು ಬೆರಿಲ್. ಜಾಗ ಖಾಲಿ ಇದೆ.”

“ಕೆಟ್ಟ ಸಾಮಾನಿನ ಜೊತೆ ನಾನೂ ಒಂದು ಸಾಮಾನಾ? ನೀ ಹೋಗೇ. ನಾನು ಗಂಡನ ಜೊತೆ ಬಂದಿದೀನಿ” ಅಂದಳು.

ಗಂಡ ಆಗಲೇ ಮೇಲೆ ತಲುಪಿ ಚಕ್ರದ ಧೂಳು ಒರೆಸುತ್ತಿದ್ದ. ಆಮೇಲೆ ನಾನು ಕರೆಯಲಿಲ್ಲ. ಮೊದಲ ಗೇರಿನಲ್ಲಿ ಅವಳ ಹಿಂದೆಯೇ ನಿಧಾನ ಬರುತ್ತಿದ್ದೆ. ಕೆಲವು ವರ್ಷ ಬಿಸಿಲು, ಕೆಲವು ವರ್ಷ ಕಡಲಗಾಳಿ. ಒಂದು ವರ್ಷ ಕಾಲು ಉಳುಕಿತ್ತು, ಆಗಲೂ ನಡೆದಳು.

೨೦೦೫ರ ಜನವರಿಯಲ್ಲಿ ಅವಳ ಸೊಂಟದ ಕೀಲು ಸವೆದಿದೆ ಎಂದು ಡಾಕ್ಟರು ಹೇಳಿದರು. ಆಪರೇಶನ್ ಆಗಸ್ಟಿಗೆ. ಅಲ್ಲಿಯವರೆಗೆ ಕೋಲು. ಅಂಗಳದ ಆ ತುದಿಗೆ ಬಟ್ಟೆ ಒಣಹಾಕಲು ಹೋದವಳು ಎರಡು ಸಲ ನಿಂತು ಸುಧಾರಿಸಿಕೊಳ್ಳುತ್ತಿದ್ದಳು.

“ಈ ಸಲ ನಾನು ಬರಲ್ಲ ಕಣೇ” ಎಂದು ಬೇಲಿಯ ಹತ್ತಿರ ನಿಂತು ನನಗೆ ಹೇಳಿದಳು. “ಪೇಸ್ಟಿ ಮಾಡಿ ಕಳಿಸ್ತೀನಿ. ಮುಂದಿನ ಸಲದ್ದು ಯಾರು ಕಂಡಿದ್ದಾರೆ?”

ನಗುತ್ತಲೇ ಅಂದಳು. ಆದರೆ ವರ್ಷದಲ್ಲಿ ಅವಳು ಹಬ್ಬ ಎಂದುಕೊಂಡಿದ್ದು ಅದೊಂದೇ ದಿನವನ್ನು. ಆ ಮಾತು ಶೆಡ್ಡಿನ ಒಳಗಿದ್ದ ಕ್ಲಾರಿಗೂ ಕೇಳಿಸಿತು. ಅರದ ಸದ್ದು ನಿಂತದ್ದು ನನಗೆ ಗೊತ್ತಾಯಿತು.

ಮಾರನೆಯ ವಾರ ಅವನು ಪ್ಯಾಸ್ಕ್‌ವಿಲ್‌ಗೆ ಹೋದ. ಅಲ್ಲಿ ಆದದ್ದನ್ನು ಲಿಂಡ್ಸೇ ನನಗೆ ಎಷ್ಟು ಸಲ ಹೇಳಿದ್ದಾನೆಂದರೆ, ನಾನೇ ಅಲ್ಲಿ ನಿಂತಿದ್ದೆ ಅನ್ನಿಸುತ್ತದೆ.

ಲಿಂಡ್ಸೇ ಕುರಿ ಕೊಟ್ಟಿಗೆಯ ಗೇಟಿನ ಮೇಲೆ ಕೂತಿದ್ದ. ಕ್ಲಾರಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ನಿನ್ನ ಹತ್ರ ಆ ಕ್ರ್ಯಾಂಕು ಇನ್ನೂ ಇದೆಯಾ?”

“ಯಾವ ಕ್ರ್ಯಾಂಕು?”

“ಗೊತ್ತಲ್ಲ.”

“ಇಲ್ಲಪ್ಪ, ಗೊತ್ತಿಲ್ಲ. ಅದಕ್ಕೊಂದು ಹೆಸರಿಟ್ಟಿದ್ದೆಯಲ್ಲ ನೀನು, ಮೈಕಿನಲ್ಲಿ. ಆ ಹೆಸರು ಹೇಳು, ನೆನಪಾಗಬಹುದು.”

ಕ್ಲಾರಿ ಟೋಪಿಯ ಅಂಚು ತಿರುಗಿಸಿದ. “ಬಿಟ್ಸಾ” ಅಂದ. ಆಮೇಲೆ ಬೆರಿಲ್‌ಳ ಸೊಂಟದ ಸಂಗತಿ ಹೇಳಿದ.

ಲಿಂಡ್ಸೇ ಕೆಳಗಿಳಿದ. ಅಟ್ಟದಿಂದ ಎಣ್ಣೆ ಬಟ್ಟೆಯ ಗಂಟು ತೆಗೆದು ಕೊಟ್ಟ. ದುಡ್ಡಿನ ಮಾತೇ ಬರಲಿಲ್ಲ. ತನ್ನ ಗಾಡಿಯ ಕ್ರ್ಯಾಂಕು ಸವೆದು ಕಟಕಟ ಅನ್ನುತ್ತಿದೆ, ನಿನ್ನದನ್ನು ಬಿಚ್ಚಿದ ಮೇಲೆ ನನಗೆ ಹಾಕಿಕೊಡು ಎಂದ. ಇನ್ನೊಂದು ಷರತ್ತು. ಸವಾರಿಯ ದಿನ ಪ್ರತಿ ಗಾಡಿಯ ಹ್ಯಾಂಡಲ್ಲಿಗೆ ಹೆಸರು, ವರ್ಷ, ಮಾಲೀಕರು ಎಂದು ಒಂದು ಚೀಟಿ ಕಟ್ಟುತ್ತಾರಲ್ಲ, ಕ್ಲಾರಿಯ ಚೀಟಿಯಲ್ಲಿ ಆ ಪದ ಇರಬೇಕು, ಅವನದೇ ಕೈಬರಹದಲ್ಲಿ.

ಕೆಲಸ ಕ್ಲಾರಿಯ ಶೆಡ್ಡಿನಲ್ಲಿ ನಡೆಯಿತು. ಲಿಂಡ್ಸೇ ದಿನಾ ಬಂದ, ಬರಲೇಬೇಕಾಗಿತ್ತು. ಈ ಕ್ರ್ಯಾಂಕು ಒಂದೇ ಅಚ್ಚಿನದಲ್ಲ. ಎರಡು ಭಾರದ ಚಕ್ರಗಳು, ನಡುವೆ ಒಂದು ಪಿನ್ನು. ಬಿಚ್ಚಿ ಹೊಸ ಬೇರಿಂಗು ಹಾಕಿ ಬಿಗಿದ ಮೇಲೆ ಎರಡು ಚಕ್ರವೂ ಒಂದೇ ಗೆರೆಯಲ್ಲಿ ತಿರುಗಬೇಕು. ಕೂದಲೆಳೆ ಓರೆಯಾದರೂ ಇಂಜಿನು ಮೈಯೆಲ್ಲ ನಡುಗುತ್ತದೆ. ಎರಡು ಮೊನೆಗಳ ನಡುವೆ ಅದನ್ನು ನಿಲ್ಲಿಸಿ, ತಿರುಗಿಸಿ, ಅಳತೆಯ ಮುಳ್ಳು ಎಷ್ಟು ಅಲುಗುತ್ತದೆಂದು ನೋಡಿ, ತಾಮ್ರದ ಸುತ್ತಿಗೆಯಿಂದ ಚಕ್ರದ ಅಂಚಿಗೆ ಹೊಡೆದು ಸರಿಗೆ ತರಬೇಕು. ಎಲ್ಲಿ ಹೊಡೆಯಬೇಕು, ಎಷ್ಟು ಜೋರಾಗಿ ಎಂಬುದು ಕ್ಲಾರಿಯ ಕೈಗೆ ಗೊತ್ತು. ಮುಳ್ಳು ಕಾಣುವುದು ಮಾತ್ರ ಅವನ ಕಣ್ಣಿಗೆ ಆಗುತ್ತಿರಲಿಲ್ಲ, ಎರಡರಲ್ಲೂ ಪೊರೆ. ಹಾಗಾಗಿ ಲಿಂಡ್ಸೇ ಮುಳ್ಳು ಓದಬೇಕು, ಕ್ಲಾರಿ ಹೊಡೆಯಬೇಕು.

ನಾನು ಚಹಾ ತೆಗೆದುಕೊಂಡು ಹೋದಾಗ ಕಂಡದ್ದು ಇದು. ಹದಿನೆಂಟು ವರ್ಷ ಮಾತು ಬಿಟ್ಟವರು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದ್ದರು.

“ನಾಲ್ಕು” ಅಂದ ಲಿಂಡ್ಸೇ.

ಢಣ್.

“ಎರಡು.”

ಢಣ್.

“ಐದು. ಹಾಳು ಮಾಡಿದೆ.”

“ಕನ್ನಡಕ ಒರೆಸ್ಕೊಂಡು ಓದು.”

“ನಾನು ಹಾಕ್ಕೊಂಡೇ ಇಲ್ಲ.”

“ಅದಕ್ಕೇ ಹೇಳಿದ್ದು, ಹಾಕ್ಕೋ.”

ಎರಡು ದಿನ ಇಬ್ಬರ ನಡುವೆ ಸಂಖ್ಯೆ ಬಿಟ್ಟು ಬೇರೆ ಮಾತು ಕಡಿಮೆ. ಮೂರನೆಯ ದಿನ ಮುಳ್ಳು ಅಲ್ಲಾಡದೆ ನಿಂತಾಗ ಲಿಂಡ್ಸೇ “ಸೊನ್ನೆ” ಅಂದ. “ಈ ಸಲ ಒಳ್ಳೇ ಸೊನ್ನೆ” ಎಂದು ಸೇರಿಸಿದ. ಕ್ಲಾರಿ ನಕ್ಕಿದ್ದನ್ನು ನಾನು ನೋಡಿದ್ದು ಅಪರೂಪ, ಅವತ್ತು ನೋಡಿದೆ. ಉದ್ದ ಕ್ರ್ಯಾಂಕು ಕ್ಲಾರಿಯ ಗಾಡಿಯಲ್ಲಿ ಕೂತಿತು. ಅವನ ಅಸಲಿ ಕ್ರ್ಯಾಂಕು ಲಿಂಡ್ಸೇಯ ಗಾಡಿಗೆ ಹೋಯಿತು. ಆ ಅಸಲಿ ಹೃದಯದ ಬಲದಿಂದ ಲಿಂಡ್ಸೇ ಅದೇ ವರ್ಷದ ಪ್ರದರ್ಶನದಲ್ಲಿ ಮೊದಲ ಬಹುಮಾನ ಹೊಡೆದ, ಅದು ಬೇರೆ ಕಥೆ.

ಬೆರಿಲ್‌ಗೆ ಅವನು ಏನೂ ಹೇಳಿರಲಿಲ್ಲ. ಶನಿವಾರ ಬೆಳಗ್ಗೆ ಅವಳು ಬುಟ್ಟಿ ತುಂಬಿ ಕೊಡಲು ಕೋಲೂರಿಕೊಂಡು ಜೆಟ್ಟಿಗೆ ಬಂದಳು. ಕ್ಲಾರಿ ಸೈಡ್‌ಕಾರಿನ ಹೊದಿಕೆ ತೆಗೆದು ನಿಂತಿದ್ದ. ಹ್ಯಾಂಡಲ್ಲಿನಲ್ಲಿ ಚೀಟಿ ಗಾಳಿಗೆ ಆಡುತ್ತಿತ್ತು. ‘ಬಿಎಸ್‌ಎ, ೧೯೪೨, ಸಿ. ಟ್ರೆಜೀಸ್, ಬಿಟ್ಸಾ.’

“ಇದೇನು, ಯಾರೋ ತಮಾಷೆ ಮಾಡಿದಾರೆ” ಅಂದಳು.

“ನಾನೇ ಬರೆದಿದ್ದು. ಲಿಂಡ್ಸೇದೊಂದು ತುಂಡು ಒಳಗಿದೆ. ಕೂತ್ಕೋ.”

“ಏರು?”

“ಕೂತ್ಕೋ ಅಂದ್ನಲ್ಲ.”

ಬೆರಿಲ್ ಚೀಟಿಯನ್ನು ಇನ್ನೊಂದು ಸಲ ಓದಿದಳು. ಆ ಅಕ್ಷರಗಳನ್ನು ಬರೆಯಲು ಅವನಿಗೆ ಎಷ್ಟು ಕಷ್ಟವಾಗಿರಬಹುದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವಳ ಕಣ್ಣು ತುಂಬಿತು. ನನ್ನದೂ ತುಂಬಿತು, ಮುಚ್ಚಿಡುವುದೇಕೆ.

ಏರಿನ ಬುಡದಲ್ಲಿ ಕ್ಲಾರಿ ನಿಲ್ಲಿಸಲಿಲ್ಲ. ಗೇರು ಇಳಿಸಿದ, ಇಂಜಿನು ದಪ್ಪ ದನಿಯಲ್ಲಿ ದುಗ್ ದುಗ್ ಎನ್ನುತ್ತ, ಆತುರವಿಲ್ಲದೆ ಹತ್ತಿತು. ನಾನು ಹಿಂದೆಯೇ ಇದ್ದೆ. ಆ ದಾರಿಯಲ್ಲಿ ನಾನು ಎರಡನೆಯ ಗೇರು ಹಾಕಿದ್ದು ಅದೇ ಮೊದಲು. ಮೇಲೆ ತಲುಪಿದವರೆಲ್ಲ ಹಾರ್ನ್ ಹೊಡೆದರು. ಬೆರಿಲ್ ಕೂತಲ್ಲಿಂದಲೇ ಟೋಪಿ ಎತ್ತಿದಳು.

ಮೆಣಸುಮರದ ಕೆಳಗೆ ಪೇಸ್ಟಿ ಹಂಚಿದಳು. ಲಿಂಡ್ಸೇಗೆ ‘ಎಲ್’ ಇರಲಿಲ್ಲ, ಅವನಿಗೆಂದು ಮಾಡಿರಲಿಲ್ಲವಲ್ಲ. ತನ್ನದನ್ನೇ ಮುರಿದು ಕೊಟ್ಟಳು. ಅವನು ಬಾಯಿ ತುಂಬಿಕೊಂಡು ಖುಷಿಯಲ್ಲಿ ಹೇಳಿದ.

“ಈ ಕ್ರ್ಯಾಂಕಿಗೆ ಈ ಏರು ಹೊಸದಲ್ಲ ಬೆರಿಲ್. ಎಂಬತ್ತಾರರಲ್ಲಿ ನಮ್ಮಮ್ಮನ್ನ ಕೂರಿಸ್ಕೊಂಡು ಬಂದಿದ್ದೆ. ತೊಂಬತ್ತು ಕೆಜಿ ಹೆಂಗಸು. ಹಿಂಗೇ ಹತ್ತಿತ್ತು.”

ಬೆರಿಲ್ ಅವನನ್ನು ನೋಡಿದಳು. “ನೆನಪಿದೆ. ಅವರು ನನಗೆ ಕೈ ಬೀಸಿದ್ರು. ನಾನು ಆ ಬಂಡೆ ಹತ್ರ ನಡೀತಾ ಇದ್ದೆ. ನಿಂದು ಯಾವುದೋ ದೊಡ್ಡ ಗಾಡಿ ಅಂದ್ಕೊಂಡಿದ್ದೆ.”

“ದೊಡ್ಡದೆಲ್ಲಿ? ಅದೂ ಎಂ ಟ್ವೆಂಟಿನೇ. ನಿಮ್ಮದರ ಜೋಡಿ.”

ಬೆರಿಲ್ ಪೇಸ್ಟಿ ಕೆಳಗಿಟ್ಟಳು. “ಕ್ಲಾರಿ, ಇದನ್ನ ಹಾಕೋಕೆ ಎಷ್ಟು ದಿನ ಹಿಡೀತು?”

“ಒಂಬತ್ತು ದಿನ” ಅಂದ ಕ್ಲಾರಿ, ಹೆಮ್ಮೆಯಿಂದ. “ಕಣ್ಣು ಚೆನ್ನಾಗಿದ್ದಿದ್ರೆ ಐದೇ ದಿನ.”

“ಇಂಥಾದ್ದೊಂದು ಇದೆ, ಹಾಕಬಹುದು ಅಂತ ನಿನಗೆ ಯಾವಾಗಿಂದ ಗೊತ್ತು?”

ಆಗ ಅವನಿಗೆ ಅರ್ಥವಾಯಿತು. ಥರ್ಮಾಸಿನ ಮುಚ್ಚಳ ಬಿಗಿ ಮಾಡಿದ. ಅದು ಆಗಲೇ ಬಿಗಿಯಾಗಿತ್ತು.

“ಮೊದಲಿಂದಲೂ” ಅಂದ. ಸುಳ್ಳು ಹೇಳುವವನಲ್ಲ, ಅದೊಂದು ಗುಣವಿದೆ.

“ಏರು ಕಡಿದು, ಇಂಜಿನು ಚಿಕ್ಕದು, ಏನೂ ಮಾಡೋಕಾಗಲ್ಲ ಅಂದಿದ್ದೆ.”

“ಆ ಇಂಜಿನ್ನಿಗೆ ಏನೂ ಮಾಡೋಕಾಗಲ್ಲ ಅಂದೆ. ಇದು ಬೇರೆ ಇಂಜಿನ್ನು.”

ಲಿಂಡ್ಸೇಯ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತ್ತು. ನನಗೆ ಕ್ಲಾರಿಯ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ನನ್ನ ಮೇಲೂ ಬಂತು. ಎಂಬತ್ತಾರರಲ್ಲಿ ಲಿಂಡ್ಸೇಯ ಅಮ್ಮ ನನ್ನ ಕಣ್ಣೆದುರೇ ಕೂತು ಹೋಗಿದ್ದಳು, ಅವನನ್ನು ಕರೆದು ಒಂದು ಮಾತು ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ. ನಡೆಯುವವಳು ನಗುತ್ತ ನಡೆದರೆ ನೋಡುವವರಿಗೆ ಅದು ಹಬ್ಬದ ಭಾಗವೇ ಆಗಿಬಿಡುತ್ತದೆ.

ಬೆರಿಲ್ ಕೋಲು ಹಿಡಿದು ಎದ್ದಳು. “ಗ್ಲೆನಿಸ್, ನಿನ್ನ ಗಾಡೀಲಿ ಬರ್ತೀನಿ” ಅಂದಳು. ಕೆಟ್ಟ ಸಾಮಾನಿನ ಯೂಟಿನಲ್ಲಿ ಅವಳು ಕೂತದ್ದು ಅದೇ ಮೊದಲು. ಮನೆ ಬರುವವರೆಗೂ ಕಿಟಕಿಯಾಚೆ ನೋಡುತ್ತಿದ್ದಳು.

ಆ ಚಳಿಗಾಲ ಎದುರುಮನೆಯಲ್ಲಿ ದನಿ ಕೇಳಿಸಲಿಲ್ಲ. ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಆಗಸ್ಟಿನಲ್ಲಿ ಅವನೇ ಅಡಿಲೇಡಿಗೆ ಕರೆದುಕೊಂಡು ಹೋದ, ಆಪರೇಶನ್ ಚೆನ್ನಾಗಿ ಆಯಿತು, ಆರು ವಾರ ಅವನೇ ಅಡುಗೆ ಮಾಡಿದ. ಒಂದು ಸಂಜೆ ನಾನು ಸಾರು ಕೊಡಲು ಹೋದಾಗ ಇಬ್ಬರೂ ಅಡುಗೆಮನೆಯಲ್ಲಿ ಎದುರುಬದುರು ಕೂತಿದ್ದರು.

“ಮಾರಿಬಿಡ್ತೀನಿ ಗಾಡೀನ” ಎನ್ನುತ್ತಿದ್ದ ಕ್ಲಾರಿ.

“ಮಾರಿದ್ರೆ ನನಗೇನು ಬಂತು?” ಅಂದಳು ಬೆರಿಲ್.

“ಮತ್ತೇನು ಮಾಡಬೇಕು ಹೇಳು.”

“ನಡಿ.”

“ಎಲ್ಲಿಗೆ?”

“ಎಲ್ಲಿಗೆ ಅಂದ್ರೆ? ಟ್ರೆಂಬಾತ್ ಏರಿಗೆ. ಇಪ್ಪತ್ತಾರು ಸಲ ನಡೆದಿದೀನಿ ನಾನು. ಥರ್ಮಾಸ್ ಹೊತ್ಕೊಂಡು.”

ನಾನು ಸಾರಿನ ಪಾತ್ರೆ ಬಾಗಿಲಲ್ಲೇ ಇಟ್ಟು ಬಂದೆ.

ಮುಂದಿನ ಈಸ್ಟರಿಗೆ ಬೆರಿಲ್ ಕೋಲಿಲ್ಲದೆ ಜೆಟ್ಟಿಗೆ ಬಂದಳು. ಬೇಕಿದ್ದರೆ ಏರನ್ನು ಓಡಿ ಹತ್ತುತ್ತಿದ್ದಳೇನೋ. ಹತ್ತಲಿಲ್ಲ. ಬುಡದಲ್ಲಿ ಕ್ಲಾರಿ ಗಾಡಿ ನಿಲ್ಲಿಸಿ ಇಳಿದ, ಲಿಂಡ್ಸೇ ಅವನ ಜಾಗದಲ್ಲಿ ಕೂತ. ಲಿಂಡ್ಸೇಯ ಸ್ವಂತ ಗಾಡಿ, ಬಹುಮಾನದ ಗಾಡಿ, ನನ್ನ ಯೂಟಿನ ಮೇಲಿತ್ತು. ಬೆರಿಲ್ ಥರ್ಮಾಸನ್ನು ಕ್ಲಾರಿಯ ಹೆಗಲಿಗೆ ಹಾಕಿದಳು. ದುಗ್ ದುಗ್ ಎಂದು ಅವರು ಹೋದರು, ಅವನು ನಡೆದ. ಪ್ರತಿ ಗಾಡಿಯೂ ದಾಟುವಾಗ ಹಾರ್ನ್ ಹೊಡೆಯಿತು. ಮೊದಲ ಕೆಲವಕ್ಕೆ ಅವನು ತಲೆ ತಗ್ಗಿಸಿದ. ಬಂಡೆಯ ಹತ್ತಿರ ಬಂದ ಮೇಲೆ ಟೋಪಿ ಎತ್ತಲು ಕಲಿತ. ನಾನು ಮೊದಲ ಗೇರಿನಲ್ಲಿ ಹಿಂದೆಯೇ ಇದ್ದೆ, ಹತ್ತು ಎಂದು ಕರೆಯಲಿಲ್ಲ.

ಮೇಲೆ ತಲುಪಿದಾಗ ಮುಖ ಕೆಂಪಾಗಿತ್ತು, ಶರಟು ಬೆನ್ನಿಗಂಟಿತ್ತು. ಬೆರಿಲ್ ಅವನ ಪೇಸ್ಟಿ ಕೊಟ್ಟಳು. ನಾನು ಬಗ್ಗಿ ನೋಡಿದೆ. ಮೂಲೆಯಲ್ಲಿ ‘ಸಿ’ ಇರಲಿಲ್ಲ. ಚಾಕುವಿನ ತುದಿಯಿಂದ ಇಪ್ಪತ್ತೈದು ಎಂದು ಕೊರೆದಿತ್ತು.

ಆಮೇಲೆ ಮೂರು ಈಸ್ಟರ್ ಕಳೆದಿವೆ. ಕ್ಲಾರಿ ಒಂದು ನಡಿಗೆಯನ್ನೂ ತಪ್ಪಿಸಿಲ್ಲ. ಮನೆಯಲ್ಲಿ ಈಗ ಮಾತಿದೆ, ನಗುವೂ ಇದೆ. ಚೀಟಿಯಲ್ಲಿ ಬಿಟ್ಸಾ ಎಂದು ಈಗಲೂ ಅವನೇ ಬರೆಯುತ್ತಾನೆ, ಯಾರೂ ಹೇಳಬೇಕಾಗಿಲ್ಲ. ನಡೆದಿದ್ದು ಸಾಕು ಅನ್ನು ಅವನಿಗೆ ಎಂದು ಹೋದ ವರ್ಷ ಬೆರಿಲ್‌ಗೆ ಹೇಳಿದೆ.

“ನಾನೂ ಹೇಳಿದೆ ಕಣೇ” ಅಂದಳು. “ಹಿಟ್ಟಿನ ಮೇಲೆ ‘ಸಿ’ ಬರೆದೂ ಇಟ್ಟಿದ್ದೆ. ಅವನೇ ಚಾಕು ತಗೊಂಡು ತಿದ್ದಿದ.”

ಕಳೆದ ಈಸ್ಟರಿಗೆ ಅವನು ಮರಕ್ಕೊರಗಿ ಕೂತು, ರೂಢಿಯಂತೆ ಆ ಮೂಲೆಯನ್ನು ಕೊನೆಗೆ ಉಳಿಸಿಕೊಂಡು ತಿಂದ. ಅದರ ಮೇಲೆ ಇಪ್ಪತ್ತೆರಡು ಎಂದಿತ್ತು.